ಎಡಗೈ ಎತ್ತಿದವರು

ಬಳಿಗಾರ ಅಕ್ಕೋರು ತಮ್ಮ ವೃತ್ತಿಯನ್ನು ಶುರು ಮಾಡಿದ್ದೇ ಮಕ್ಕಳಿಗೆ ಸುಳ್ಳು ಕಲಿಸುವುದರಿಂದ. ಇದನ್ನು ಬೇರೆ ಯಾರೋ ಹಬ್ಬಿಸಿದ್ದಲ್ಲ, ಅವರೇ ನಗುನಗುತ್ತ ಹೇಳಿಕೊಳ್ಳುತ್ತಿದ್ದ ಮಾತು. ಗಣಿತದ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೇ. ಬಸರಿಗಟ್ಟಿಯ ಸರ್ಕಾರಿ ಶಾಲೆಗೆ ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂದ ದಿನ ಹೆಡ್‌ಮಾಸ್ತರರು ಅವರನ್ನು ಕರೆದು, "ನೋಡವಾ ಕಸ್ತೂರಿ, ಸಾಹೇಬ್ರು ಪ್ರಶ್ನೆ ಕೇಳಿದ ಕೂಡ್ಲೇ ಎಲ್ಲಾ ಹುಡುಗ್ರ ಕೈ ಮ್ಯಾಲ ಇರಬೇಕು. ಒಂದು ಕೈ ಕೆಳಗ ಉಳದ್ರೂ ನನ್ನ ಮಾನ ಹೋಗತೈತಿ" ಎಂದುಬಿಟ್ಟರು.

ಗಣಿತದಲ್ಲಿ ಎಲ್ಲ ಮಕ್ಕಳೂ ಒಂದೇ ಸಲಕ್ಕೆ ಕೈ ಎತ್ತುವುದುಂಟೇ? ಹೊಸ ಅಕ್ಕೋರು ಒಂದು ಉಪಾಯ ಮಾಡಿದರು. ಉತ್ತರ ಗೊತ್ತಿದ್ದವರು ಬಲಗೈ ಎತ್ತಿರಿ, ಗೊತ್ತಿಲ್ಲದವರು ಎಡಗೈ ಎತ್ತಿರಿ, ನಾನು ಬಲಗೈಯವರನ್ನೇ ಎಬ್ಬಿಸುತ್ತೇನೆ ಎಂದು ಮಕ್ಕಳಿಗೆ ಹೇಳಿಕೊಟ್ಟರು. ಸಾಹೇಬರು ಬಂದರು, ಮೇಲೆದ್ದ ಕೈಗಳನ್ನು ನೋಡಿ ಭೇಷ್ ಎಂದರು, ಮಂಡಕ್ಕಿ ಮಿರ್ಚಿ ತಿಂದು ಹೋದರು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆಟ ಮುಗಿಯಿತೆಂದು ಮಕ್ಕಳಿಗೆ ಹೇಳಲು ಅಕ್ಕೋರು ಮರೆತಿದ್ದರು. ಮರುದಿನ ಎಂದಿನಂತೆ, "ಭಿನ್ನರಾಶಿ ಕೂಡೋದು ಯಾರಿಗೆ ಬರತೈತಿ?" ಎಂದು ಕೇಳಿ ತಿರುಗಿ ನೋಡಿದರೆ ಹದಿನೇಳು ಎಡಗೈಗಳು ಮೇಲೆದ್ದಿದ್ದವು. ಅದೇ ಹದಿನೇಳು ಮಕ್ಕಳು ಹಿಂದಿನ ವಾರ "ತಿಳೀತೇನ್ರೋ?" ಎಂದಾಗ "ತಿಳೀತ್ರೀ ಅಕ್ಕೋರೆ!" ಎಂದು ಮಾಳಿಗೆ ಹಾರಿಹೋಗುವಂತೆ ಕೂಗಿದ್ದರು.  ಆ ದಿನವೇ ಅಕ್ಕೋರು ಒಂದು ಕಾನೂನು ಮಾಡಿದರು. ಎಡಗೈ ಎತ್ತಿದವರನ್ನು ನೋಡಿ ಯಾರೂ ನಗಬಾರದು, ಎಬ್ಬಿಸಿ ಕೇಳಬಾರದು, ಅವರ ಮನೆಗೆ ಹೇಳಬಾರದು. ಅಕ್ಕೋರೇ ಆಮೇಲೆ ಅವರ ಬೆಂಚಿಗೆ ಹೋಗಿ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ಇಪ್ಪತ್ತೊಂಬತ್ತು ವರ್ಷ ಆ ಕಾನೂನು ಮುರಿಯಲಿಲ್ಲ.

ಅದನ್ನು ಮುರಿದದ್ದು ಗ್ರಹಿಕೆ ಎಂಬ ಪೆಟ್ಟಿಗೆ. ಬಾಗಿಲು ತೆರೆದು ಅದನ್ನು ಒಳಗೆ ಕರೆದವರು ಅಕ್ಕೋರೇ.

ಅದು ಬಂದ ಬಗೆಯನ್ನು ಹೇಳಬೇಕು. ಒಂದು ಭಾನುವಾರ ಮುಂಜಾನೆ ಅಕ್ಕೋರು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಾಗ ಮೇದಿನಿ ಬಂದಳು. ಇದೇ ಊರಿನ ಹೂಗಾರರ ಹುಡುಗಿ, ಎಂಟನೇ ತರಗತಿಯಲ್ಲಿ ದಿನಾ ಎಡಗೈ ಎತ್ತುತ್ತಿದ್ದವಳು. ಈಗ ಶಾಲೆಗಳಿಗೆಂದು ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಬಂದವಳೇ ಕಾಲಿಗೆ ಬಿದ್ದು, ಅಡುಗೆಮನೆಯ ಹೊಸ್ತಿಲಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಅಕ್ಕೋರೆ, ನಮ್ಮ ಪೆಟ್ಟಿಗಿ ಬ್ಯಾರೆ ಊರಾಗೆಲ್ಲಾ ಚಲೋ ನಡೀತು. ನಮ್ಮ ಕಡೆ ಬಂದು ಸೋತು ಕುಂತೈತಿ ನೋಡ್ರಿ."

ಪೆಟ್ಟಿಗೆಯ ಕೆಲಸ ಏನೆಂದು ಅವಳೇ ವಿವರಿಸಿದಳು. ಊಟದ ಡಬ್ಬಿಯಷ್ಟು ಗಾತ್ರದ್ದು. ಕರಿಹಲಗೆಯ ಪಕ್ಕದ ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿದರೆ ಇಡೀ ತರಗತಿಯನ್ನು ನೋಡುತ್ತದೆ. ಪ್ರತಿ ಮಗುವಿನ ರೆಪ್ಪೆ ಎಷ್ಟು ಸಲ ಬಡಿಯಿತು, ಪೆನ್ಸಿಲು ಎಲ್ಲಿ ನಿಂತಿತು, ಕತ್ತು ಯಾವಾಗ ಕಿಟಕಿಯತ್ತ ಹೊರಳಿತು, ಎಲ್ಲವನ್ನೂ ಕೂಡಿಸಿ ಈ ಮಗುವಿಗೆ ಪಾಠ ತಿಳಿದಿದೆಯೋ ಇಲ್ಲವೋ ಎಂದು ಊಹಿಸುತ್ತದೆ. ಶಿಕ್ಷಕರ ಕಿವಿಯಲ್ಲಿ ಒಂದು ಮಣಿ ಇರುತ್ತದೆ. ಮೂರನೇ ಬೆಂಚು, ಗೋಡೆಯ ಕಡೆಯ ಹುಡುಗ, ಋಣ ಚಿಹ್ನೆಯ ಹತ್ತಿರ ತಡವರಿಸಿದ್ದಾನೆ ಎಂದು ಅದು ಮೆಲ್ಲಗೆ ಹೇಳುತ್ತದೆ.

"ಆದ್ರ ಹಂಗ ಊಹೆ ಮಾಡಾಕ ಅದು ಮೊದಲು ಕಲೀಬೇಕಲ್ರಿ. ಸಾವಿರಾರು ಮುಖ ತೋರಿಸಿ, ಈ ಮುಖಕ್ಕ ತಿಳದೈತಿ, ಈ ಮುಖಕ್ಕ ತಿಳದಿಲ್ಲ ಅಂತ ಖರೇ ಹೇಳಬೇಕು. ನಮ್ಮ ಹುಡುಗ್ರು ಎಲ್ಲಾದಕ್ಕೂ ತಿಳೀತ್ರೀ ಅಂತಾರ. ಮುಖಾನೂ ಹಂಗ ಮಾಡ್ತಾರ. ಪೆಟ್ಟಿಗಿ ಹುಚ್ಚ ಆಗೈತಿ."

ಅಕ್ಕೋರು ರೊಟ್ಟಿ ತಿರುವಿ ಹಾಕಿ ನಕ್ಕರು. ಮೇದಿನಿ ನಗಲಿಲ್ಲ. "ಅಕ್ಕೋರೆ, ಎಡಗೈ ಕೊಡ್ರಿ ನನಗ" ಎಂದಳು.

ಅಕ್ಕೋರಿಗೆ ಅರ್ಥವಾಯಿತು. ಮಕ್ಕಳು ತಾವಾಗಿ, ಹೆದರದೆ, ತಿಳಿದಿಲ್ಲವೆಂದು ಒಪ್ಪಿಕೊಳ್ಳುವ ತರಗತಿ ಈ ಸೀಮೆಯಲ್ಲಿ ಅವರದೊಂದೇ ಇತ್ತು. ಅಲ್ಲಿ ಎರಡು ತಿಂಗಳು ಪೆಟ್ಟಿಗೆಯನ್ನಿಟ್ಟರೆ ಅದು ಪ್ರತಿ ಮುಖವನ್ನೂ ಪ್ರತಿ ಕೈಯ ಜೊತೆ ಇಟ್ಟು ನೋಡಿ ಕಲಿತುಬಿಡುತ್ತದೆ. ಅವರು ಒಲೆಯ ಮೇಲಿದ್ದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಒಂದೇ ಒಂದು ಕರಾರು ಹಾಕಿದರು.

"ಎಡಗೈ ಆ ನಾಕು ಗ್ವಾಡಿ ಬಿಟ್ಟು ಹೊರಗ ಹೋಗಬಾರ್ದು. ಆಫೀಸಿಗೆ ಹೋಗಬಾರ್ದು, ಅವರ ಅಪ್ಪ ಅವ್ವಗ ಹೋಗಬಾರ್ದು. ನನಗ ಮತ್ತ ಆ ಕೂಸಿಗೆ ಬಿಟ್ರ ಮೂರನೇದವರಿಗೆ ಗೊತ್ತಾಗಬಾರ್ದು."

"ಆಗ್ಲಿ ಅಕ್ಕೋರೆ."

"ಹಂಗಲ್ಲ. ನನ್ನ ಮಾರಿ ನೋಡಿ ಹೇಳು."

ಮೇದಿನಿ ಮುಖ ನೋಡಿ ಹೇಳಿದಳು. ಅಷ್ಟೇ ಅಲ್ಲ, ಎಡಗೈ ಎತ್ತಿ ನಕ್ಕಳು. ಆ ನಗು ನೋಡಿ ಅಕ್ಕೋರು ಅವಳಿಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಟ್ಟರು. ಹೊರಗೆ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಅವರ ಯಜಮಾನರು ಶಿವಪುತ್ರಪ್ಪ ಮಾತ್ರ ಕೆಮ್ಮಿದರು. ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಯಾರ ಮಾತನ್ನೂ ಪೂರ್ತಿ ನಂಬುವ ಅಭ್ಯಾಸ ಅವರಿಗಿರಲಿಲ್ಲ.

ಪೆಟ್ಟಿಗೆ ಬಂತು. ಮಕ್ಕಳು ಅದರ ದುಂಡು ಕಣ್ಣು ನೋಡಿ ಗೂಗಿ, ಅಂದರೆ ಗೂಬೆ, ಎಂದು ಹೆಸರಿಟ್ಟರು. ಎರಡೇ ತಿಂಗಳಲ್ಲಿ ಗೂಗಿ ಎಷ್ಟು ಕಲಿಯಿತೆಂದರೆ ಕೈ ಮೇಲೇಳುವ ಮೊದಲೇ ಯಾವ ಕೈ ಏಳುತ್ತದೆಂದು ಅಕ್ಕೋರ ಕಿವಿಯಲ್ಲಿ ಹೇಳತೊಡಗಿತು. ಶಿಕ್ಷಣ ಇಲಾಖೆಗೆ ಹಬ್ಬವೋ ಹಬ್ಬ. ಜಿಲ್ಲೆಯ ಎಲ್ಲ ಪ್ರೌಢಶಾಲೆಗಳಿಗೂ ಗ್ರಹಿಕೆ ಎಂದು ತೀರ್ಮಾನವಾಯಿತು, ಶಿಕ್ಷಕರಿಗೆ ಐದು ದಿನದ ತರಬೇತಿ ಎಂದಾಯಿತು. ತರಬೇತಿ ಕೊಡುವವರು ಯಾರು? ಬಳಿಗಾರ ಅಕ್ಕೋರು.

ತರಬೇತಿ ಎಂದರೆ ಅಕ್ಕೋರಿಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ನಲವತ್ತಕ್ಕೂ ಹೆಚ್ಚು ತರಬೇತಿ ಪಡೆದಿದ್ದರು. ಎಲ್ಲವೂ ಒಂದು ಪ್ರಾರ್ಥನೆ, ಒಂದು ಚಪ್ಪಾಳೆಯ ಆಟದಿಂದ ಶುರುವಾಗುತ್ತಿದ್ದವು. ನದಿಗಳ ಹೆಸರಿನ ಗುಂಪು ಮಾಡಿ, ಚಾರ್ಟ್ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ಏನಾದರೂ ಬರೆಸುತ್ತಿದ್ದರು. ಕೊನೆಯ ದಿನ ಅನಿಸಿಕೆ. ಒಬ್ಬೊಬ್ಬರೇ ಎದ್ದು ತರಬೇತಿ ಬಹಳ ಉಪಯುಕ್ತವಾಗಿತ್ತು, ಊಟದ ವ್ಯವಸ್ಥೆ ಚೆನ್ನಾಗಿತ್ತು ಎನ್ನಬೇಕು. ರೇಡಿಯೊ ಪಾಠಕ್ಕೆ ಹೀಗೇ ತರಬೇತಿ ಆಗಿತ್ತು, ಟಿವಿಗೆ ಆಗಿತ್ತು, ಸಿಡಿಗೆ ಆಗಿತ್ತು, ಮುಟ್ಟಿದರೆ ಬರೆಯುವ ಬಿಳಿ ಹಲಗೆಗೂ ಆಗಿತ್ತು. ಆ ಹಲಗೆ ಈಗಲೂ ಶಾಲೆಯ ಹಿಂದಿನ ಕೋಣೆಯಲ್ಲಿ ಅಕ್ಕಿ ಚೀಲಗಳಿಗೆ ಆನಿಸಿ ನಿಂತಿದೆ. ಶಿಕ್ಷಕರೆಂದರೆ ತಿಳೀತ್ರೀ ಎಂದು ಕೂಗುವ ದೊಡ್ಡ ಮಕ್ಕಳು ಎಂದು ಅಕ್ಕೋರಿಗೆ ಎಷ್ಟೋ ಸಲ ಅನ್ನಿಸಿತ್ತು.

ಅದಕ್ಕೇ ತಾವು ಕೊಡುವ ತರಬೇತಿ ಹಾಗಾಗಬಾರದೆಂದು ಹಟ ತೊಟ್ಟರು. ಚಪ್ಪಾಳೆಯ ಆಟ ರದ್ದು ಮಾಡಿದರು. ಅರವತ್ತೆರಡು ಶಿಕ್ಷಕರ ಮುಂದೆ ನಿಂತು, ತಾವು ಸಾಹೇಬರಿಗೆ ಮೋಸ ಮಾಡಿದ ಕಥೆಯನ್ನೇ ಹೇಳಿದರು. ಎಡಗೈಯ ಕಾನೂನನ್ನು ನಿಮ್ಮ ನಿಮ್ಮ ತರಗತಿಯಲ್ಲಿ ಮೊದಲು ಒಂದು ತಿಂಗಳು ನಡೆಸಿರಿ, ಮಕ್ಕಳಿಗೆ ನಂಬಿಕೆ ಬಂದ ಮೇಲೆ ಪೆಟ್ಟಿಗೆ ತೆರೆಯಿರಿ ಎಂದರು. ಇನ್ನು ಮುಂದೆ ಪರೀಕ್ಷೆಗಳೇ ಇರುವುದಿಲ್ಲ ಎಂದು ಇಲಾಖೆಯವರು ಆ ದಿನವೇ ಸಾರಿದ್ದರು, ದಿನದಿನದ ಕಲಿಕೆ ಗೊತ್ತಾಗುವಾಗ ವರ್ಷಕ್ಕೊಂದು ಪರೀಕ್ಷೆ ಯಾಕೆ? ಅದಕ್ಕಂತೂ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕೋರೂ ತಟ್ಟಿದರು.

ಹಿಂದಿನ ಸಾಲಿನಿಂದ ನದಾಫ ಮಾಸ್ತರರು ಎದ್ದು ನಿಂತರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ವಿಜ್ಞಾನದ ಮಾಸ್ತರರು, ಯಾವ ತರಬೇತಿಯಲ್ಲೂ ಬಾಯಿ ಬಿಟ್ಟವರಲ್ಲ.

"ಅಕ್ಕೋರೆ, ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಹುಡುಗ ಎಡಗೈ ಎತ್ತಿದ್ದು ಪೆಟ್ಟಿಗಿ ಕಣ್ಣಾಗ ಹೋತು. ಅಲ್ಲಿಂದ ಮುಂದ ಎಲ್ಲಿಗೆ ಹೋಗತೈತ್ರಿ?"

"ಎಲ್ಲಿಗೂ ಹೋಗಂಗಿಲ್ರಿ ಸರ್. ನಿಮ್ಮ ಕಿವಿಗೆ ಬಂದು ಅಲ್ಲೇ ನಿಂದ್ರತೈತಿ."

"ಇದು ಇಲಾಖೆ ಮಾತೋ, ನಿಮ್ಮ ಮಾತೋ?"

"ನನ್ನ ಮಾತು" ಎಂದರು ಅಕ್ಕೋರು. ಗೋಡೆಗೆ ಒರಗಿ ನಿಂತಿದ್ದ ಮೇದಿನಿಯ ಕಡೆ ನೋಡಿದರು. ಅವಳು ತಲೆಯಾಡಿಸಿದಳು.

"ನಿಮ್ಮ ಮಾತಂದ್ರ ಆತು ಬಿಡ್ರಿ" ಎಂದು ನದಾಫ ಮಾಸ್ತರರು ಕುಳಿತರು. ಆ ವರ್ಷ ಅರವತ್ತೆರಡು ತರಗತಿಗಳಲ್ಲಿ ಮಕ್ಕಳು ಎಡಗೈ ಎತ್ತಲು ಕಲಿತರು.

ನಿಜ ಹೇಳಬೇಕೆಂದರೆ ಆ ವರ್ಷ ಅಕ್ಕೋರು ಬಹಳ ಸುಖವಾಗಿದ್ದರು. ಐವತ್ತನಾಲ್ಕರ ವಯಸ್ಸಿನಲ್ಲಿ ಅವರ ಪಾಠಕ್ಕೆ ಹೊಸ ಕಣ್ಣು ಬಂದಿತ್ತು. ತಾವು ಎಲ್ಲಿ ಅವಸರ ಮಾಡುತ್ತೇವೆ, ಯಾವ ಮಾತು ಮಕ್ಕಳ ತಲೆಯ ಮೇಲಿಂದ ಹಾರಿಹೋಗುತ್ತದೆ ಎಂಬುದು ಅದೇ ಕ್ಷಣಕ್ಕೆ ತಿಳಿಯುತ್ತಿತ್ತು. ಅದೇ ವರ್ಷ ಅವರ ಎಂಟನೇ ತರಗತಿಯಲ್ಲಿ ಹುಲಿಗೆಮ್ಮ ಇದ್ದಳು.

ಹುಲಿಗೆಮ್ಮ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ದುರುಗವ್ವನ ಮಗಳು. ಅವಳ ಎಡಗೈ ಕೆಳಗಿಳಿಯುತ್ತಲೇ ಇರಲಿಲ್ಲ. ದಡ್ಡಿಯಲ್ಲ. ಅರ್ಧ ತಿಳಿದರೆ ಅವಳಿಗೆ ಸಮಾಧಾನವಿಲ್ಲ, ಅಷ್ಟೇ. ಉಳಿದವರು ಸೂತ್ರ ಬಾಯಿಪಾಠ ಮಾಡಿ ಬಲಗೈ ಎತ್ತುವಾಗ ಇವಳು ಆ ಸೂತ್ರ ಎಲ್ಲಿಂದ ಬಂತೆಂದು ಎಡಗೈ ಎತ್ತುವಳು. ಒಂದು ದಿನ ಅಕ್ಕೋರು ಅವಿಭಾಜ್ಯ ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆಯುತ್ತ, ನಡುವೆ ಒಂದೇ ಅಂಕಿ ಬಿಟ್ಟು ಜೋಡಿಯಾಗಿ ಬರುವವುಗಳಿಗೆ ಗೆರೆ ಹಾಕಿದರು. ಮೂರು ಐದು, ಐದು ಏಳು, ಹನ್ನೊಂದು ಹದಿಮೂರು, ಹದಿನೇಳು ಹತ್ತೊಂಬತ್ತು. ತಿಳಿಯಿತೇ ಎಂದಾಗ ಎಲ್ಲ ಬಲಗೈ, ಒಂದು ಎಡಗೈ. ಕಿವಿಯ ಮಣಿ, ನಾಲ್ಕನೇ ಬೆಂಚು, ಹುಲಿಗೆಮ್ಮ, ತಿಳಿದಿಲ್ಲ ಎಂದಿತು. ಅಕ್ಕೋರು ಅವಳ ಪಕ್ಕದಲ್ಲಿ ಹೋಗಿ ಕುಳಿತರು.

"ಅಕ್ಕೋರೆ, ಈ ಜೋಡಿ ಹಿಂಗ ಬರ್ಕೋಂತನ ಇರತಾವೋ, ಎಲ್ಲರ ಒಂದು ಕಡೆ ಮುಗೀತಾವೋ?"

ಅಕ್ಕೋರಿಗೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತಿರುವಿದರು, ಕಾಲೇಜಿನ ಪ್ರೊಫೆಸರರೊಬ್ಬರಿಗೆ ಫೋನು ಮಾಡಿದರು. ಮರುದಿನ ಬಂದು, "ಹುಲಿಗಿ, ನಿನ್ನ ಪ್ರಶ್ನೆಗೆ ಉತ್ತರ ಜಗತ್ತಿನಾಗ ಇನ್ನಾ ಯಾರಿಗೂ ಗೊತ್ತಿಲ್ಲಂತ" ಎಂದರು. ಹುಡುಗಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. "ಯಾರಿಗೂ?" ಎಂದಳು. ಸಂಜೆಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತ ತಿರುಗಿದಳು. ಅವಳನ್ನು ಗಣಿತದ ಎಂ.ಎಸ್ಸಿ.ವರೆಗೆ ಓದಿಸದೆ ಬಿಡುವುದಿಲ್ಲ ಎಂದು ಅಕ್ಕೋರು ಆ ದಿನ ಮನಸ್ಸಿನಲ್ಲೇ ಗಂಟು ಹಾಕಿಕೊಂಡರು. ದುರುಗವ್ವನಿಗೂ ಹೇಳಿದರು.

ಮಾರ್ಚ್ ಮೊದಲ ವಾರ ಪಟ್ಟಿ ಬಂತು.

ಮುಂದಿನ ವರ್ಷದಿಂದ ಒಂಬತ್ತನೇ ತರಗತಿಗೆ ಎರಡು ದಾರಿ. ಒಂದು ವಿದ್ಯಾ ದಾರಿ, ಗಣಿತ ವಿಜ್ಞಾನ ಎಲ್ಲ ಇರುವಂಥದು. ಇನ್ನೊಂದು ಕೌಶಲ ದಾರಿ. ಅಲ್ಲಿ ಹೊಲಿಗೆ ಯಂತ್ರ ನಡೆಸುವುದು, ಬೀಜದ ಪೊಟ್ಟಣ ಕಟ್ಟುವುದು, ಗಣಿತವೆಂದರೆ ಕೂಡಿಸುವುದು ಕಳೆಯುವುದು. ಯಾವ ಮಗು ಯಾವ ದಾರಿಗೆ ಎಂಬುದನ್ನು ಗ್ರಹಿಕೆಯ ಅಂಕಿ ನಿರ್ಧರಿಸಿತ್ತು. ಬಸರಿಗಟ್ಟಿಯಿಂದ ಕೌಶಲ ದಾರಿಗೆ ಹನ್ನೊಂದು ಮಕ್ಕಳು. ಮೊದಲ ಹೆಸರು ಹುಲಿಗೆಮ್ಮ.

ಹೆಡ್‌ಮಾಸ್ತರರ ಕೋಣೆಯಲ್ಲಿ ನಿಂತು ಅಕ್ಕೋರು ಆ ಪಟ್ಟಿಯನ್ನು ಮೂರು ಸಲ ಓದಿದರು. ಹನ್ನೊಂದೂ ಮಕ್ಕಳು ಯಾರೆಂದು ಅವರಿಗೆ ಹೆಸರು ಓದದೆಯೂ ಗೊತ್ತಿತ್ತು. ಎಡಗೈ ಎತ್ತಲು ನಾಚದ ಹನ್ನೊಂದು ಮಕ್ಕಳು. ಸುಮ್ಮನೆ ಬಲಗೈ ಎತ್ತಿ ಪಕ್ಕದವರ ಪುಸ್ತಕ ಇಣುಕುತ್ತಿದ್ದ ನಾಲ್ವರು ವಿದ್ಯಾ ದಾರಿಯಲ್ಲಿ ಕುಳಿತಿದ್ದರು.  ಸೀರೆ ಬದಲಿಸುವಷ್ಟೂ ವ್ಯವಧಾನವಿಲ್ಲದೆ, ಸೀಮೆಸುಣ್ಣದ ಪುಡಿ ಮೆತ್ತಿದ ಕೈಯಲ್ಲೇ ಅಕ್ಕೋರು ಬಸ್ಸು ಹತ್ತಿದರು.

ಜಿಲ್ಲಾ ಕೇಂದ್ರದಲ್ಲಿ ಗ್ರಹಿಕೆಯ ನಿಯಂತ್ರಣ ಕೊಠಡಿ ಎರಡನೇ ಮಹಡಿಯಲ್ಲಿತ್ತು. ಕಿಟಕಿಗಳಿರಲಿಲ್ಲ, ತಂಪು ಗಾಳಿ ಬೀಸುತ್ತಿತ್ತು. ಗೋಡೆಯ ತುಂಬ ಪರದೆಗಳು. ಪ್ರತಿ ಶಾಲೆಗೊಂದು ಚೌಕ, ಪ್ರತಿ ಮಗುವಿಗೊಂದು ಚುಕ್ಕೆ. ತಿಳಿದ ಚುಕ್ಕೆ ಹಸಿರು, ತಿಳಿಯದ ಚುಕ್ಕೆ ಕಂದು. ಆ ಹೊತ್ತಿಗೆ ಎಲ್ಲೋ ಒಂದು ಶಾಲೆಯಲ್ಲಿ ಪಾಠ ನಡೆಯುತ್ತಿತ್ತು, ಚುಕ್ಕೆಗಳು ಬಣ್ಣ ಬದಲಿಸುತ್ತಿದ್ದವು. ನಾಲ್ಕೈದು ಹುಡುಗ ಹುಡುಗಿಯರು ಚಹಾ ಕುಡಿಯುತ್ತ ಅದನ್ನು ನೋಡುತ್ತಿದ್ದರು. ಆ ಕಂದು ಚುಕ್ಕೆಗಳೆಲ್ಲ ಮೇಲೆದ್ದ ಎಡಗೈಗಳು ಎಂದು ಅಕ್ಕೋರಿಗೆ ತಕ್ಷಣ ಹೊಳೆಯಿತು. ಇಪ್ಪತ್ತೊಂಬತ್ತು ವರ್ಷ ಯಾರಿಗೂ ತೋರಿಸದೆ ಕಾಪಾಡಿಕೊಂಡು ಬಂದದ್ದು ಇಲ್ಲಿ ಗೋಡೆಯ ಮೇಲೆ ಮಿನುಗುತ್ತಿತ್ತು.

ಮೇದಿನಿ ಎದ್ದು ಬಂದು ಕುರ್ಚಿ ಎಳೆದು ಕೊಟ್ಟಳು. ಅಕ್ಕೋರು ಕೂರಲಿಲ್ಲ.

"ನನಗ ಏನು ಮಾತು ಕೊಟ್ಟಿದ್ದಿ?"

"ಅಕ್ಕೋರೆ, ದಯವಿಟ್ಟು ಸಮಾಧಾನವಾಗಿ ಕೇಳಿ. ಎಡಗೈಯ ದೃಶ್ಯ ತರಗತಿಯಿಂದ ಹೊರಗೆ ಬಂದಿಲ್ಲ. ಒಂದೇ ಒಂದು ಚಿತ್ರ ಕೂಡ ಬಂದಿಲ್ಲ. ಅದು ಪೆಟ್ಟಿಗೆಯಲ್ಲೇ ಅಳಿಸಿಹೋಗುತ್ತದೆ. ಅದರ ಲೆಕ್ಕ ಮಾತ್ರ ಬಂದಿದೆ."

ಹುಡುಗಿಯ ಭಾಷೆಯೇ ಬದಲಾಗಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಾಗ ಆಡಿದ ಮಾತು ಬೇರೆ, ಇದು ಸುತ್ತೋಲೆಯ ಮಾತು. ಅಕ್ಕೋರಿಗೆ ಸಿಟ್ಟಿಗಿಂತ ಮೊದಲು ನಾಚಿಕೆಯಾಯಿತು, ಇವಳ ಮುಂದೆ ನಾನು ಬೆಣ್ಣೆ ಇಟ್ಟೆನಲ್ಲ ಎಂದು.

"ಮೇದಿನಿ, ನೀನು ಎಂಟನೇತ್ತಿಯೊಳಗ ದಿನಾ ಎಡಗೈ ಎತ್ತತಿದ್ದಿ. ಆವಾಗ ಈ ಗೂಗಿ ಇದ್ದಿದ್ರ ನೀ ಇವತ್ತು ಎಲ್ಲಿರತಿದ್ದಿ?"

 ಸುತ್ತ ಇದ್ದವರು ಚಹಾದ ಲೋಟ ಹಿಡಿದು ಹೊರಗೆ ಹೋದರು.

"ಈ ಪಟ್ಟಿ ಆಗತೈತಿ ಅಂತ ನಿನಗ ಯಾವಾಗ ಗೊತ್ತಾತು?"

"ತರಬೇತಿಗೂ ಮೊದಲೇ" ಎಂದಳು ಮೇದಿನಿ.

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ದರೆ ನೀವು ಮಕ್ಕಳಿಗೆ ಹೇಳುತ್ತಿದ್ದಿರಿ. ಮಕ್ಕಳು ಎಡಗೈ ಎತ್ತುವುದನ್ನು ನಿಲ್ಲಿಸುತ್ತಿದ್ದರು. ಪೆಟ್ಟಿಗೆಗೆ ನಿಜವಾದ ಲೆಕ್ಕವೇ ಸಿಗುತ್ತಿರಲಿಲ್ಲ."

ಹೀಗೆ, ಸುಳ್ಳಿನ ಸುಳಿವೂ ಇಲ್ಲದೆ, ಉತ್ತರ ಬಂತು. ಅಕ್ಕೋರಿಗೆ ಆಗ ಪೂರ್ತಿ ಅರ್ಥವಾಯಿತು. ಆ ಐದು ದಿನ ಅರವತ್ತೆರಡು ಶಿಕ್ಷಕರಿಗೆ ಅವರು ತರಬೇತಿ ಕೊಟ್ಟಿರಲಿಲ್ಲ. ಅರವತ್ತೆರಡು ತರಗತಿಯ ಮಕ್ಕಳನ್ನು ನಂಬಿಸಿ ಕೂರಿಸಲು ಅವರ ಹೆಸರು ಬೇಕಿತ್ತು, ಅಷ್ಟೇ. ಸಂಪನ್ಮೂಲ ವ್ಯಕ್ತಿ ಎಂದು ಕರೆದು ಶಾಲು ಹೊದಿಸಿ, ಅವರ ಬಾಯಿಂದಲೇ ನನ್ನ ಮಾತು ಎಂದು ಹೇಳಿಸಿದ್ದರು.

ಮೇದಿನಿ ದನಿ ತಗ್ಗಿಸಿದಳು. ಈಗ ಅವಳ ಊರ ಮಾತು ವಾಪಸು ಬಂದಿತ್ತು. "ಅಕ್ಕೋರೆ, ಇದು ಕಚ್ಚಾ ಪಟ್ಟಿ, ಇನ್ನಾ ಹತ್ತು ದಿನ ಐತಿ. ಕಡೀ ಲೆಕ್ಕ ಆವಾಗ ಆಗೋದು. ಹುಲಿಗೆಮ್ಮ ಈ ಹತ್ತು ದಿನ ಬಲಗೈ ಎತ್ತಿದ್ರ ಸಾಕು, ಅಂಕಿ ಮ್ಯಾಲ ಬರತೈತಿ."

"ಗೂಗಿ ಮುಖ ನೋಡಿ ಹಿಡಿಯಂಗಿಲ್ಲೇನು?"

"ಮುಖ ಒಂದು, ಕೈ ಒಂದು ಹೇಳಿದ್ರ ಅದು ಕೈನ ನಂಬತೈತ್ರಿ. ನಿಮ್ಮ ಹುಡುಗ್ರ ಕೈ ಎಂದೂ ಸುಳ್ಳು ಹೇಳಿದ್ದಿಲ್ಲ. ಅದು ಕಲಿತದ್ದ ಹಂಗ." ಬಾಗಿಲ ಕಡೆ ಒಮ್ಮೆ ನೋಡಿ, "ಮತ್ತೊಂದು ಹೇಳ್ತೀನಿ. ಮುಂದಿನ ವರ್ಷ ಶಿಕ್ಷಕರಿಗೂ ಇದ ಅಂಕಿ. ಅದು ಮಕ್ಕಳನ್ನಷ್ಟ ನೋಡೋದಿಲ್ಲ" ಎಂದಳು.

ಅಕ್ಕೋರು ಕಿವಿಯ ಮಣಿಯನ್ನು ತೆಗೆದು ಅವಳ ಮೇಜಿನ ಮೇಲಿಡಬೇಕೆಂದು ಕೈ ಎತ್ತಿದರು. ಇಟ್ಟರೆ ಹುಲಿಗೆಮ್ಮನ ಹತ್ತು ದಿನಗಳನ್ನು ಯಾರು ನೋಡಿಕೊಳ್ಳುತ್ತಾರೆ? ಕೈ ಇಳಿಸಿ, ಹೇಳದೆ ಕೇಳದೆ ಹೊರಬಂದರು.

ಮನೆಗೆ ಬಂದಾಗ ದುರುಗವ್ವ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದಳು. ಬಟ್ಟೆಯ ಮೇಲೆಲ್ಲ ಇಟ್ಟಿಗೆಯ ಕೆಂಪು ಧೂಳು. ಜಗಳಕ್ಕೆ ಬಂದಿರಬೇಕೆಂದು ಅಕ್ಕೋರು ಅಂದುಕೊಂಡರು, ಜಗಳಕ್ಕೆ ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ಯಕ್ಕಾ, ನನ್ನ ಮಗಳು ಶ್ಯಾಣ್ಯಾಕಿ, ಭಾಳ ಓದ್ತಾಳ ಅಂದಿದ್ರಿ. ನಾ ನಾಕು ಮಂದಿ ಮುಂದ ಹೇಳ್ಕೊಂಡು ಬಿಟ್ಟೆ. ನನಗ ಬ್ಯಾಸರ ಆಗಬಾರ್ದು ಅಂತ ಹಂಗ ಅಂದಿದ್ರೇನು?"

"ಇಲ್ಲವಾ ದುರುಗವ್ವ. ಖರೇನ ಅಂದಿದ್ದೆ."

"ಮತ್ತ ಪಟ್ಟಿಯಾಗ ಹಂಗ ಬಂದೈತಲ್ಲ. ಪೆಟ್ಟಿಗಿ ಸುಳ್ಳ ಹೇಳತೈತೇನು?"

ಪೆಟ್ಟಿಗೆ ಸುಳ್ಳು ಹೇಳಿಲ್ಲ, ನಿನ್ನ ಮಗಳೂ ಹೇಳಿಲ್ಲ, ಹೇಳಿದವಳು ನಾನು ಎನ್ನಬೇಕೆಂದು ಅಕ್ಕೋರು ಬಾಯಿ ತೆರೆದರು.  "ನಾ ನೋಡ್ತೀನಿ" ಎಂದಷ್ಟೇ ಹೇಳಿದರು. ದುರುಗವ್ವ ಸೆರಗು ಕೊಡವಿ ಎದ್ದು ಹೋದಳು.

ಅಷ್ಟರಲ್ಲಿ ನದಾಫ ಮಾಸ್ತರರ ಫೋನು ಬಂತು. ಅವರ ಶಾಲೆಗೂ ಪಟ್ಟಿ ಹೋಗಿತ್ತು. ಬೈಯುತ್ತಾರೆಂದು ಅಕ್ಕೋರು ಕಾದರು.

"ಅಕ್ಕೋರೆ, ನಿಮಗೂ ಗೊತ್ತಿದ್ದಿಲ್ಲ ಅಲ್ರಿ?"

"ಗೊತ್ತಿದ್ದಿಲ್ರಿ ಸರ್."

"ಅಷ್ಟ ಕೇಳಬೇಕಾಗಿತ್ತು. ನಾ ನಮ್ಮ ಹುಡುಗ್ರಿಗೆ ಇವತ್ತ ಹೇಳಿಬಿಟ್ಟೆ, ಇನ್ನ ಎಡಗೈ ಎತ್ತಬ್ಯಾಡ್ರಿ ಅಂತ. ಅವರ ಅಣ್ಣತಮ್ಮರು, ಅಕ್ಕತಂಗೇರು ನಿಮ್ಮ ಕಡೆನೂ ಅದಾರ. ಸುದ್ದಿ ಮುಟ್ಟಿರತೈತಿ. ಆದ್ರ ಒಂದು ಮಾತು. ಎಂಟು ತಿಂಗಳು ಭಾಳ ಚಲೋ ಪಾಠ ಮಾಡಿದೆ ನೋಡ್ರಿ. ಇಷ್ಟು ವರ್ಷದಾಗ ಹಂಗ ಮಾಡಿದ್ದಿಲ್ಲ."

ಫೋನು ಇಟ್ಟು ಅಕ್ಕೋರು ಪಡಸಾಲೆಯ ಕಂಬಕ್ಕೆ ಒರಗಿ ಅತ್ತರು. ಶಿವಪುತ್ರಪ್ಪನವರು ಪೇಪರು ಮಡಚಿ ಪಕ್ಕಕ್ಕಿಟ್ಟು ಅವರ ಹತ್ತಿರ ಬಂದು ಕುಳಿತರು.

"ನಮಗ ಟಿಕೀಟು ಮಿಷಿನ್ ಕೊಟ್ಟಾಗೂ ನಿಮ್ಮ ಬೆರಳಿಗೆ ಆರಾಮ ಆಗ್ಲಿ ಅಂತ ಕೊಡಾಕತ್ತೀವಿ ಅಂದಿದ್ರು. ಮುಂದ ನಾ ಯಾವ ಸ್ಟಾಪಿನ್ಯಾಗ ಇಳದು ನೀರು ಕುಡದ್ನಿ ಅಂಬೋದೂ ಡಿಪೋದಾಗ ಗೊತ್ತಾಗತಿತ್ತು" ಎಂದರು.

"ಅವತ್ತ ಹೇಳಬಾರದಿತ್ತೇನ್ರಿ?"

"ಕೆಮ್ಮಿದ್ನಲ್ಲ."

ಬೇರೆ ದಿನವಾಗಿದ್ದರೆ ಅಕ್ಕೋರು ನಕ್ಕುಬಿಡುತ್ತಿದ್ದರು. "ನಾಳೆ ಹುಡುಗ್ರ ಮುಂದ ಹೆಂಗ ನಿಂದರ್ಲಿ ಹೇಳ್ರಿ. ಆ ಕೂಸಿಗೆ ಸುಳ್ಳ ಕೈ ಎತ್ತು ಅಂತ ನಾನ ಹೇಳಬೇಕೇನು?" ಎಂದು ಕೇಳಿದರು.  ಶಿವಪುತ್ರಪ್ಪನವರು ಎದ್ದು ಹೋಗಿ ತಾವೇ ಚಹಾ ಮಾಡಿ ತಂದರು, ಸಕ್ಕರೆ ಹೆಚ್ಚಾಗಿತ್ತು.

ಮರುದಿನ ಎರಡನೇ ಅವಧಿ ಗಣಿತ. ಅಕ್ಕೋರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ನಿಮಗೆ ಮೋಸವಾಗಿದೆ, ನನ್ನಿಂದ ಆಗಿದೆ, ಕ್ಷಮಿಸಿರಿ ಎಂದು ಮೊದಲು ಹೇಳುವುದು. ಆಮೇಲೆ ಹತ್ತು ದಿನದ ವಿಷಯ. ಒಳಗೆ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಹೇಳಿ ಕುಳಿತರು. ಎಂದಿನ ಗಲಾಟೆ ಇರಲಿಲ್ಲ. ಮೂವತ್ತೆಂಟು ಮಕ್ಕಳೂ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ ಕುಳಿತಿದ್ದರು. ಸಾಹೇಬರು ಬಂದ ದಿನ ಮಕ್ಕಳು ಹೀಗೆ ಕೂರುತ್ತಿದ್ದರು.

ಅಕ್ಕೋರಿಗೆ ಮಾತು ಮರೆತುಹೋಯಿತು. ಸುಮ್ಮನೆ ಹಳೆಯ ಲೆಕ್ಕವೊಂದನ್ನು ಹಲಗೆಯ ಮೇಲೆ ಬರೆದು ಬಿಡಿಸಿದರು. ಬೇಕೆಂದೇ ಒಂದು ಹೆಜ್ಜೆ ತಪ್ಪಾಗಿ ಬರೆದರು.

"ತಿಳೀತೇನ್ರೋ?"

ಮೂವತ್ತೆಂಟು ಬಲಗೈಗಳು ಎದ್ದವು. ಹುಲಿಗೆಮ್ಮನ ಕೈಯೂ ಬಲಗೈ. ಅವಳ ಬಲಗೈ ಅಷ್ಟು ಎತ್ತರಕ್ಕೆ ಎದ್ದದ್ದನ್ನು ಅಕ್ಕೋರು ಆ ವರ್ಷ ನೋಡಿದ್ದು ಕಡಿಮೆ. ಕಿವಿಯ ಮಣಿ ಒಂದು ಕ್ಷಣ ತಡೆಯಿತು, ಅದಕ್ಕೂ ಗೊಂದಲವಾಗಿರಬೇಕು. ಆಮೇಲೆ, ಎಲ್ಲರಿಗೂ ತಿಳಿದಿದೆ, ಮುಂದಿನ ಪಾಠಕ್ಕೆ ಹೋಗಬಹುದು ಎಂದಿತು.

ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವರಾಗಿಯೇ ಕಲಿತಿದ್ದರು. ಹುಲಿಗೆಮ್ಮ ಉಳಿಯಬಹುದು. ಆ ಹನ್ನೊಂದು ಮಕ್ಕಳೂ ಉಳಿಯಬಹುದು. ಅಕ್ಕೋರಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಈ ತರಗತಿಯಲ್ಲಿ ಇನ್ನು ಯಾರಿಗೆ ಏನು ತಿಳಿದಿಲ್ಲವೆಂದು ಅವರಿಗೂ ಗೊತ್ತಾಗುವುದಿಲ್ಲ. ಯಾರ ಪಕ್ಕದಲ್ಲಿ ಹೋಗಿ ಕೂರಬೇಕೆಂದು ಗೊತ್ತಾಗುವುದಿಲ್ಲ. ನಿವೃತ್ತಿಯಾಗುವವರೆಗೆ ಅವರು ಮೂವತ್ತೆಂಟು ಬಲಗೈಗಳಿಗೆ ಪಾಠ ಮಾಡಬೇಕು.

ಹಲಗೆ ಒರೆಸಿದರು. ಮೂರು ಐದು ಬರೆದರು. ಐದು ಏಳು. ಹನ್ನೊಂದು ಹದಿಮೂರು. ಹದಿನೇಳು ಹತ್ತೊಂಬತ್ತು.

"ಈ ಜೋಡಿ ಹಿಂಗ ಬರ್ಕೋಂತ ಇರತಾವೋ, ಎಲ್ಲರ ಮುಗೀತಾವೋ? ಯಾರಿಗೆ ಗೊತ್ತೈತಿ?"

ಇದರ ಉತ್ತರ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ಈ ಮಕ್ಕಳಿಗೆಲ್ಲ ಗೊತ್ತಿತ್ತು, ಹುಲಿಗೆಮ್ಮ ಊರಿಗೆಲ್ಲ ಸಾರಿದ್ದಳು. ಆದರೂ ಮುಂದಿನ ಬೆಂಚಿನಿಂದ ಒಂದು ಬಲಗೈ ಎದ್ದಿತು. ಆಮೇಲೆ ಎರಡು, ಆಮೇಲೆ ಹತ್ತು. ಕೊನೆಗೆ ನಾಲ್ಕನೇ ಬೆಂಚಿನಿಂದ, ತಲೆ ತಗ್ಗಿಸಿಕೊಂಡೇ, ಹುಲಿಗೆಮ್ಮನೂ ಬಲಗೈ ಎತ್ತಿದಳು.

ಎಲ್ಲರಿಗೂ ತಿಳಿದಿದೆ ಎಂದಿತು ಮಣಿ.

ಅಕ್ಕೋರಿಗೆ ತಡೆಯಲಾಗಲಿಲ್ಲ. ಸೀಮೆಸುಣ್ಣದ ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಮಕ್ಕಳತ್ತ ತಿರುಗಿ ನಿಂತು, ತಮ್ಮ ಎಡಗೈಯನ್ನು ಮೇಲೆತ್ತಿದರು. ಎತ್ತಿ ಹಾಗೇ ನಿಂತರು. ಬಳೆಗಳು ಮೊಣಕೈಯವರೆಗೆ ಜಾರಿದವು.

ಮೂವತ್ತೆಂಟು ಮಕ್ಕಳೂ ಗಾಬರಿಯಿಂದ ಮೂಲೆಯ ಪೆಟ್ಟಿಗೆಯತ್ತ ಒಮ್ಮೆ, ಅಕ್ಕೋರತ್ತ ಒಮ್ಮೆ ನೋಡಿದರು. ಹುಲಿಗೆಮ್ಮ ಎದ್ದು ನಿಂತಳು. ಹೆದರಿದಂತೆ ಕಾಣಲಿಲ್ಲ. ಚಿಕ್ಕ ತಂಗಿಗೆ ಬುದ್ಧಿ ಹೇಳುವವರ ದನಿಯಲ್ಲಿ, ತುಟಿ ಅಲುಗದಷ್ಟು ಮೆಲ್ಲಗೆ ಹೇಳಿದಳು.

"ಅಕ್ಕೋರೆ, ಕೈ ಇಳಸ್ರಿ. ಗೂಗಿ ನೋಡಾಕತ್ತೈತಿ. ನಿಮ್ಮನ್ನೂ ಕಳಿಸಿಬಿಡ್ತಾರ."

ಅಕ್ಕೋರು ಎಡಗೈ ಇಳಿಸಿದರು. ಹುಲಿಗೆಮ್ಮ ಕೂರಲಿಲ್ಲ, ನಿಂತೇ ಇದ್ದಳು, ನೋಡುತ್ತಲೇ ಇದ್ದಳು. ಅಕ್ಕೋರು ಬಲಗೈ ಎತ್ತಿದರು.